ಕೊಪ್ಪಕ್ಕೋ, ಕೊಟ್ಟಿಗೆಗೋ

ನಮ್ಮ ಕಡೆ ವಯಸ್ಸಾದವರ ಬುದ್ಧಿಯ ಬಗ್ಗೆ ತೀರ್ಪು ಕೊಡಲು ಯಾರೂ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಮದುವೆಮನೆಯ ಜಗಲಿಯಲ್ಲಿ ಕಾಫಿ ಲೋಟ ಕೆಳಗಿಡುವುದರೊಳಗೆ ಇಂಥವರಿಗೆ ಅರಳು ಮರಳು, ಇಂಥವರು ಇನ್ನೂ ಗಟ್ಟಿ ಎಂದು ಪಟ್ಟಿ ತಯಾರಾಗಿರುತ್ತದೆ. ಆಧಾರವೇನೆಂದು ಕೆದಕಿದರೆ ಹೆಚ್ಚಿನ ಸಲ ಸಿಗುವುದು ಒಂದೇ ಬಗೆಯ ಸಾಕ್ಷ್ಯ. ಕೇಳಿದ್ದೊಂದು, ಹೇಳಿದ್ದೊಂದು. ಈಗಷ್ಟೇ ಹೇಳಿದ್ದನ್ನು ಮತ್ತೆ ಕೇಳುತ್ತಾರೆ. ನಾಲ್ಕು ಜನ ಮಾತಾಡುತ್ತಿದ್ದರೆ ನಡುವೆ ಎದ್ದು ಹೋಗುತ್ತಾರೆ. ಈ ಸಾಕ್ಷ್ಯ ಮಿದುಳಿನತ್ತ ಎಷ್ಟು ಬೊಟ್ಟು ಮಾಡುತ್ತದೆಯೋ ಕಿವಿಯತ್ತಲೂ ಅಷ್ಟೇ ಮಾಡುತ್ತದೆ. ಆದರೂ ಕಿವಿಯನ್ನು ಬಿಟ್ಟು ನೇರವಾಗಿ ಮಿದುಳಿಗೇ ಹೋಗುವ ಆತುರ ನಮಗೇಕೆ ಎಂಬುದು ನನ್ನನ್ನು ಕೆಲವು ಕಾಲದಿಂದ ಕಾಡುತ್ತಿದೆ.

ಇದರ ಜೊತೆಗೆ ಈಚೆಗೆ ಇನ್ನೊಂದು ಬಗೆಯ ಆತುರ ಸೇರಿಕೊಂಡಿದೆ. ಶಿವಮೊಗ್ಗದಲ್ಲಿ ಯಾರೋ ಕೈಗೆ ತುರುಕಿದ ಕರಪತ್ರವೊಂದರಲ್ಲಿ, ಕಿವಿ ಮಂದವಾದವರಿಗೆ ಮರೆವಿನ ಕಾಯಿಲೆಯ ಅಪಾಯ ಐದು ಪಟ್ಟು, ಆದ್ದರಿಂದ ಇಂದೇ ಯಂತ್ರ ಹಾಕಿಸಿಕೊಳ್ಳಿ ಎಂದಿತ್ತು. ಮೊದಲನೆಯವರು ಕಿವಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಎರಡನೆಯವರು ಕಿವಿಯೊಂದೇ ಲೆಕ್ಕ ಎನ್ನುತ್ತಾರೆ. ನಿಜ ಇವೆರಡರ ನಡುವೆ ಎಲ್ಲೋ ಇದೆ ಎಂದು ಸುಮ್ಮನೆ ಹೇಳಿಬಿಡಬಹುದು. ಆದರೆ ಎಲ್ಲಿ ಎನ್ನುವುದು ದೊಡ್ಡಮ್ಮನ ವಿಷಯದಲ್ಲಿ ನನಗೆ ನಿಜವಾಗಿ ಬೇಕಾಗಿತ್ತು.

ಕೊಡೆ ಹಿಡಿದು ಹೋದದ್ದು

ದೊಡ್ಡಮ್ಮನ ಮನೆ ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ರಸ್ತೆಯಿಂದ ಒಳಗೆ, ತೋಟದ ತಲೆಯ ಮೇಲೆ ಇದೆ. ಅವರಿಗೆ ಎಂಬತ್ತು ಹತ್ತಿರ. ಆಷಾಢದ ಒಂದು ಬೆಳಿಗ್ಗೆ ಅಣ್ಣ, ಅಂದರೆ ಅವರ ಮಗ, ಯಾವುದೋ ಕೆಲಸಕ್ಕೆ ಬೇಗ ಹೊರಟುಹೋಗಿದ್ದ. ಅವನೆಲ್ಲಿ ಎಂದು ದೊಡ್ಡಮ್ಮ ಕೇಳಿದರು. ಅತ್ತಿಗೆ ಒಲೆಯ ಮುಂದಿನಿಂದಲೇ, ಬೆನ್ನು ಹಾಕಿಕೊಂಡೇ, "ಕೊಪ್ಪಕ್ಕೆ ಹೋಗಿದ್ದಾರೆ ಅತ್ತೆ, ಮಧ್ಯಾಹ್ನದ ಮೇಲೆ ಬರುತ್ತಾರೆ" ಎಂದರು. ದೊಡ್ಡಮ್ಮ ತಲೆಯಾಡಿಸಿದರು. ನಾನು ಅಲ್ಲೇ ಮಣೆಯ ಮೇಲೆ ಕುಳಿತು ಕಡುಬು ತಿನ್ನುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ದೊಡ್ಡಮ್ಮ ಕೊಡೆ ಬಿಡಿಸಿಕೊಂಡು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಪಾಚಿ ಕಟ್ಟಿದ ಅಂಗಳದಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಕೊಟ್ಟಿಗೆಯ ಕಡೆ ಹೋಗುತ್ತಿದ್ದಾರೆ. ವಾಪಸು ಬಂದವರೇ, "ಅವನು ಅಲ್ಲಿಲ್ಲವಲ್ಲ" ಎಂದರು.

"ಕೊಪ್ಪಕ್ಕೆ ಹೋಗಿದ್ದಾರೆ ಎಂದೆನಲ್ಲ ಅತ್ತೆ!"

"ಹೌದು ಮಾರಾಯ್ತಿ, ಅಲ್ಲೇ ನೋಡಿಕೊಂಡು ಬಂದೆ. ದನ ಎರಡೂ ಇವೆ. ಅವನಿಲ್ಲ."

ಆ ದಿನ ಸಂಜೆಯೊಳಗೆ ಈ ಪ್ರಸಂಗ ಫೋನಿನಲ್ಲಿ ಬೆಂಗಳೂರಿನವರೆಗೂ ಹೋಯಿತು. ಮೂವತ್ತು ಕಿಲೋಮೀಟರ್ ಆಚೆ ಹೋದ ಮಗನನ್ನು ಕೊಟ್ಟಿಗೆಯಲ್ಲಿ ಹುಡುಕುವ ತಾಯಿ ಎಂದರೆ ಇನ್ನೇನು ಬೇಕು? ಆದರೆ ಅವರು ಮಾಡಿದ್ದರಲ್ಲಿ ಬುದ್ಧಿ ಕೆಟ್ಟ ಲಕ್ಷಣ ಯಾವುದಿತ್ತು ಎಂದು ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಕೊಟ್ಟಿಗೆಗೆ ಹೋದವನು ಇಷ್ಟು ಹೊತ್ತಾದರೂ ಬರಲಿಲ್ಲ, ಮಳೆ ಹೊಡೆಯುತ್ತಿದೆ, ಜಾರಿ ಬಿದ್ದನೋ ಏನೋ ಎಂದು ನೋಡಿಕೊಂಡು ಬರುವುದು ತಲೆ ನೆಟ್ಟಗಿರುವವರು ಮಾಡುವ ಕೆಲಸ. ತಪ್ಪಿದ್ದು ಒಳಗೆ ಬಂದ ಸುದ್ದಿ ಮಾತ್ರ.

ವಯಸ್ಸಿನಿಂದ ಬರುವ ಕಿವುಡಿನ ರೀತಿಯೇ ಹಾಗೆ. ಒಳಗಿವಿಯ ಸುರುಳಿಯಲ್ಲಿ ಹುಟ್ಟುವಾಗ ಸುಮಾರು 15,000 ರೋಮಕೋಶಗಳಿರುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಸುರುಳಿಯ ಬುಡದಲ್ಲಿರುವ, ಕೀರಲು ಸದ್ದುಗಳನ್ನು ಹಿಡಿಯುವ ಕೋಶಗಳು ಸಾಮಾನ್ಯವಾಗಿ ಮೊದಲು ಹೋಗುತ್ತವೆ. ಮಾತಿನಲ್ಲಿ ಸ್ವರಗಳ ಬಲವೆಲ್ಲ ಕೆಳಗಿನ ಆವರ್ತನಗಳಲ್ಲಿ, ಅಂದರೆ ತಗ್ಗು ದನಿಯ ಸದ್ದುಗಳಲ್ಲಿದೆ. ಸ, ಶ, ಚ, ಟ, ತ, ಕ, ಪ ಇವುಗಳನ್ನು ಒಂದರಿಂದೊಂದು ಬೇರೆ ಮಾಡುವ ಸಣ್ಣ ಸಿಡಿತ, ಸೀಟಿ ಮೇಲಿನ ಆವರ್ತನಗಳಲ್ಲಿ, ಅಂದರೆ ಕೀರಲು ಸದ್ದುಗಳಲ್ಲಿದೆ. ಆದ್ದರಿಂದ ಇಂಥವರಿಗೆ ಮಾತು ಕೇಳುತ್ತದೆ, ಏನು ಮಾತು ಎಂದು ಗೊತ್ತಾಗುವುದಿಲ್ಲ. "ಕೊ" ಕೇಳಿತು, ನಡುವೆ ಏನೋ ಒತ್ತಿ ನಿಂತದ್ದು ಕೇಳಿತು, ಆ ಒತ್ತು ಪಕಾರದ್ದೋ ಟಕಾರದ್ದೋ ಹೇಳುವ ಸದ್ದು ಮಾತ್ರ ಬರಲಿಲ್ಲ. ಉಳಿದದ್ದನ್ನು ಮಿದುಳು ತನ್ನ ಬಳಿ ಇರುವ ಸಾಮಾನಿನಿಂದ ತುಂಬಿಸಿತು. ಜೀವಮಾನವೆಲ್ಲ ದನ ಕಟ್ಟಿದವರ ಮಿದುಳಿಗೆ ಕೊಪ್ಪಕ್ಕಿಂತ ಕೊಟ್ಟಿಗೆ ಹತ್ತಿರ.

"ಅವರಿಗೆ ಬೇಕಾದ್ದು ಮಾತ್ರ ಕೇಳುತ್ತದೆ" ಎಂಬ ಮನೆಮನೆಯ ದೂರಿಗೂ ಇಲ್ಲೇ ಉತ್ತರವಿದೆ. ಎದುರಿಗೆ ಕುಳಿತು, ಗೊತ್ತಿರುವ ವಿಷಯವನ್ನು, ಸದ್ದಿಲ್ಲದ ಜಾಗದಲ್ಲಿ ಹೇಳಿದರೆ ಕೇಳುತ್ತದೆ. ಅಡುಗೆಮನೆಯಿಂದ ಹೇಳಿದರೆ ಇಲ್ಲ. ಮೆಲ್ಲಗೆ ಹೇಳಿದರೆ "ಆಂ?", ಗಟ್ಟಿಯಾಗಿ ಹೇಳಿದರೆ "ಯಾಕೆ ಕಿರುಚುತ್ತೀಯ?" ಇದು ಹಟವಲ್ಲ. ಹಾಳಾದ ಒಳಗಿವಿಯಲ್ಲಿ ಕೇಳಿಸದ ಸದ್ದಿಗೂ ಸಹಿಸಲಾಗದ ಸದ್ದಿಗೂ ನಡುವಿನ ಅಂತರವೇ ಕಿರಿದಾಗಿರುತ್ತದೆ.

ಮಲೆನಾಡಿನ ಸದ್ದು

ಈ ಸೀಮೆಯಲ್ಲಿ ಕಿವಿ ಮಂದವಾದವರ ಕಷ್ಟ ಇನ್ನೂ ಒಂದು ಕೈ ಹೆಚ್ಚು ಎಂದು ನನ್ನ ಗುಮಾನಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಸುದ್ದಿಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಮಳೆ ಬೀಳುವುದು ಯಾವುದರ ಮೇಲೆ ಎಂದು ಯೋಚಿಸುವುದಿಲ್ಲ. ಹಿಂದೆ ಹೆಂಚಿತ್ತು. ಈಗ ಅಂಗಳಕ್ಕೆ, ಹಿಂಬದಿಯ ಮಾಡಿಗೆ, ಬಚ್ಚಲಿನ ದಾರಿಗೆ ಎಲ್ಲ ಕಡೆ ಶೀಟು ಬಂದಿದೆ. ಜುಲೈ ತಿಂಗಳಲ್ಲಿ ಅದರ ಕೆಳಗೆ ನಿಂತು ಇಪ್ಪತ್ತರ ಹುಡುಗರೂ ಕೂಗಿಕೊಂಡೇ ಮಾತಾಡಬೇಕು. ಕಿವಿ ನೆಟ್ಟಗಿದ್ದವರು ಆ ಸದ್ದಿನ ಒಳಗಿನಿಂದ ಮಾತನ್ನು ಹೆಕ್ಕಿ ತೆಗೆಯುತ್ತಾರೆ. ಮಂದವಾದವರಿಗೆ ಆ ಹೆಕ್ಕುವ ಶಕ್ತಿಯೇ ಮೊದಲು ಹೋಗಿರುತ್ತದೆ. ಹೀಗಾಗಿ ಮೂರು ತಿಂಗಳು ಅವರೊಡನೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಅವರೂ ಆಡುವುದಿಲ್ಲ. ಕರೆಂಟಿಲ್ಲ, ಟಿವಿ ಇಲ್ಲ, ಫೋನಿನಲ್ಲಿ ನೆಟ್‌ವರ್ಕ್ ಇಲ್ಲ. ಗಣಪತಿ ಹಬ್ಬಕ್ಕೆ ಊರಿಗೆ ಬಂದ ಮಕ್ಕಳು "ಅಮ್ಮ ಈ ಮಳೆಗಾಲ ಕಳೆಯುವಷ್ಟರಲ್ಲಿ ಬಹಳ ಮಂಕಾಗಿದ್ದಾಳೆ" ಎಂದು ಗುಸುಗುಸು ಮಾಡುತ್ತಾರೆ.

ಮಳೆ ಹೋದ ಮೇಲೆ ಸುಲಿತದ ಕಾಲ. ದೊಡ್ಡಮ್ಮನ ಮನೆಯ ಅಂಗಳದಲ್ಲಿ ಹಿಂದೆ ಮೆಟ್ಟುಗತ್ತಿಗಳ ಸಾಲು ಇರುತ್ತಿತ್ತು. ರಾತ್ರಿ ಹನ್ನೊಂದರವರೆಗೂ ಅಡಿಕೆ ಸುಲಿಯುವ ಹೆಂಗಸರ ನಡುವೆ ಯಾರ ಮನೆಯ ಸಂಬಂಧ ಹೇಗೆ ತಪ್ಪಿತು, ಯಾರ ಜಾಗದ ವ್ಯಾಜ್ಯ ಸಾಗರದ ಕೋರ್ಟಿನಲ್ಲಿ ಎಷ್ಟು ವರ್ಷ ನಡೆಯಿತು ಎಂಬುದಕ್ಕೆಲ್ಲ ಕೊನೆಯ ಮಾತು ದೊಡ್ಡಮ್ಮನದೇ. ಅವರ ಸಹಿ ಬೀಳದೆ ಊರಿನ ಯಾವ ಕಥೆಯೂ ಊರ್ಜಿತವಾಗುತ್ತಿರಲಿಲ್ಲ. ಕಳೆದ ವರ್ಷ ನಾನು ಹೋದಾಗ ಸುಲಿಯುವ ಯಂತ್ರ ಬಂದಿತ್ತು. ಅದರ ಗಡಗಡದ ಪಕ್ಕದಲ್ಲಿ, ಸರಿಯಾಗಿ ಸುಲಿಯದೆ ಬಂದ ಅಡಿಕೆಗಳನ್ನು ಬಿಡಿಸಲು ನಾಲ್ಕು ಹೆಂಗಸರು ಕುಳಿತಿದ್ದರು. ಅವರ ಜೊತೆ ದೊಡ್ಡಮ್ಮ. ಯಾರೋ ಏನೋ ಹೇಳಿದರು, ಎಲ್ಲರೂ ನಕ್ಕರು, ದೊಡ್ಡಮ್ಮ ಒಂದು ಗಳಿಗೆ ತಡವಾಗಿ ನಕ್ಕರು. ಎಲ್ಲರ ಮುಖ ನೋಡಿ ನಕ್ಕ ನಗು ಅದು. ಆಮೇಲೆ ಒಬ್ಬಾಕೆ ಅವರ ಕಡೆ ತಿರುಗಿ ಹಳೆಯ ಮದುವೆಯೊಂದರ ಬಗ್ಗೆ ಕೇಳಿದಳು. ದೊಡ್ಡಮ್ಮನ ಹುಬ್ಬು ಗಂಟಾಯಿತು, ಕೈ ನಿಂತಿತು, ಕಣ್ಣು ಆಕೆಯ ತುಟಿಗೆ ಅಂಟಿತು. "ಅಡಿಕೆ ಈ ಸಲ ಸಣ್ಣ" ಎಂದರು. ಕೇಳಿದಾಕೆ "ಹೋಗಲಿ ಬಿಡಿ ಅಮ್ಮ" ಎಂದು ಕೈಯಾಡಿಸಿ ಪಕ್ಕದವಳ ಕಡೆ ತಿರುಗಿದಳು.

ಆ "ಹೋಗಲಿ ಬಿಡಿ" ಎಂಬ ಮಾತನ್ನು ಅವರ ಮನೆಯಲ್ಲಿ ಒಂದು ದಿನಕ್ಕೆ ಎಷ್ಟು ಸಲ ಹೇಳುತ್ತಾರೆ ಎಂದು ಗಮನಿಸತೊಡಗಿದ ಮೇಲೆ ಸಂಶೋಧಕರು ಹೇಳುವುದು ನನಗೆ ಹೆಚ್ಚು ಅರ್ಥವಾಯಿತು. ಕಿವುಡಿಗೂ ಮರೆವಿಗೂ ನಂಟು ಹೇಗೆ ಎಂಬುದಕ್ಕೆ ಅವರು ಕೆಲವು ದಾರಿಗಳನ್ನು ಊಹಿಸುತ್ತಾರೆ. ಅರ್ಧಂಬರ್ಧ ಕೇಳಿದ್ದನ್ನು ಜೋಡಿಸುವುದಕ್ಕೇ ಮಿದುಳಿನ ಶಕ್ತಿ ಖರ್ಚಾಗಿ, ನೆನಪಿಟ್ಟುಕೊಳ್ಳಲು, ಯೋಚಿಸಲು ಉಳಿಯುವುದು ಕಡಿಮೆಯಾಗುತ್ತದೆ ಎನ್ನುವುದು ಒಂದು. ಶಬ್ದ ಬರುವುದು ಕಡಿಮೆಯಾದಂತೆ ಮಿದುಳಿನ ಸಂಬಂಧಪಟ್ಟ ಭಾಗಗಳು ಬೇಗ ಕುಗ್ಗುತ್ತವೆ ಎನ್ನುವುದು ಇನ್ನೊಂದು. ಮನುಷ್ಯ ಜನರಿಂದ ದೂರವಾಗಿ ಒಂಟಿಯಾಗುತ್ತಾನೆ, ಆ ಒಂಟಿತನವೇ ಮಿದುಳಿಗೆ ಹಾನಿ ಎನ್ನುವುದು ಮತ್ತೊಂದು. ಇವು ಯಾವುವೂ ಅಲ್ಲದೆ, ರಕ್ತನಾಳಗಳ ತೊಂದರೆಯಂಥ ಒಂದೇ ಕಾರಣ ಕಿವಿಯನ್ನೂ ಮಿದುಳನ್ನೂ ಒಟ್ಟಿಗೆ ಕೆಡಿಸುತ್ತಿರಬಹುದು ಎಂಬ ಸಂದೇಹವೂ ಇದ್ದೇ ಇದೆ. ನನ್ನ ಕಣ್ಣಿಗೆ ಬೀಳುವುದು ಮೂರನೆಯದು. ಅದರಲ್ಲೂ, ಮುದುಕರು ಮಾತು ಬಿಟ್ಟರು ಎನ್ನುವುದಕ್ಕಿಂತ ಮನೆಯವರು ಅವರಿಗೆ ಹೇಳುವುದನ್ನು ಬಿಟ್ಟರು ಎನ್ನುವುದೇ ಹೆಚ್ಚು ನಿಜ. ಗೊಬ್ಬರದ ರೇಟು, ಮೊಮ್ಮಗನ ಪರೀಕ್ಷೆ, ಪಕ್ಕದ ಮನೆಯ ಸಾವು ಯಾವುದೂ ಅವರವರೆಗೆ ಮುಟ್ಟುವುದಿಲ್ಲ. ಮುಟ್ಟದ ಸುದ್ದಿ ಅವರಿಗೆ ಗೊತ್ತಿಲ್ಲದಿದ್ದಾಗ "ಮರೆತುಬಿಟ್ಟಿದ್ದಾರೆ" ಎನ್ನುತ್ತೇವೆ.

ಜೇನು, ಮೇಜು

ಕೊಟ್ಟಿಗೆಯ ಪ್ರಸಂಗದ ನಂತರ ದೊಡ್ಡಮ್ಮನನ್ನು ಶಿವಮೊಗ್ಗದ ಒಬ್ಬ ವೈದ್ಯರಲ್ಲಿಗೆ ಕರೆದುಕೊಂಡು ಹೋದರು. ಜೊತೆಗೆ ನಾನೂ ಇದ್ದೆ. ಹೊರಗೆ ಕೂರಲು ಜಾಗವಿಲ್ಲದಷ್ಟು ಜನ. ಒಳಗೆ ತಲೆಯ ಮೇಲೆ ಫ್ಯಾನು, ಕಿಟಕಿಯಾಚೆ ಬಸ್ಸುಗಳ ಹಾರ್ನು, ವೈದ್ಯರ ಮುಖಕ್ಕೆ ಮಾಸ್ಕು. ಕಂಪ್ಯೂಟರಿನಲ್ಲಿ ಏನೋ ಬರೆಯುತ್ತಲೇ ಅವರು "ಅಜ್ಜಿ, ಮೂರು ಪದ ಹೇಳುತ್ತೇನೆ, ನೆನಪಿಟ್ಟುಕೊಂಡು ಆಮೇಲೆ ಹೇಳಬೇಕು. ಸೇಬು, ಮೇಜು, ನಾಣ್ಯ" ಎಂದರು. ಮರೆವಿನ ಪರೀಕ್ಷೆ ಎಂದರೆ ಎಲ್ಲ ಕಡೆ ಹೆಚ್ಚುಕಡಿಮೆ ಹೀಗೆಯೇ ಶುರುವಾಗುತ್ತದೆ. ದೊಡ್ಡಮ್ಮ "ಆಂ?" ಎಂದರು. ವೈದ್ಯರು ಇನ್ನೊಮ್ಮೆ ಹೇಳಿದರು. ದೊಡ್ಡಮ್ಮ ತಲೆಯಾಡಿಸಿದರು. ತಿಂಗಳು ಯಾವುದು, ಊರು ಯಾವುದು, ನೂರರಲ್ಲಿ ಏಳು ಕಳೆದರೆ ಎಷ್ಟು ಎಂಬುದೆಲ್ಲ ಆದ ಮೇಲೆ ವೈದ್ಯರು ಆ ಮೂರು ಪದ ಕೇಳಿದರು.

"ಜೇನು, ಮೇಜು" ಎಂದರು ದೊಡ್ಡಮ್ಮ, ಒಂದಿಷ್ಟೂ ಅನುಮಾನವಿಲ್ಲದೆ. "ಇನ್ನೊಂದು ನೀವು ಸರಿಯಾಗಿ ಹೇಳಲಿಲ್ಲ."

ವೈದ್ಯರು ಒಂದು ಅಂಕ ಹಾಕಿದರು. ಅಣ್ಣ ನಿಟ್ಟುಸಿರು ಬಿಟ್ಟ. ನಾನು ಮಾತ್ರ ಆ ಜೇನಿನ ಹತ್ತಿರವೇ ನಿಂತುಬಿಟ್ಟೆ. ಸೇಬನ್ನು ಜೇನು ಎಂದು ಕೇಳಿಸಿಕೊಂಡವರು, ಅಷ್ಟೆಲ್ಲ ಪ್ರಶ್ನೆಗಳಾದ ಮೇಲೂ ಜೇನನ್ನು ಹಿಡಿದಿಟ್ಟುಕೊಂಡಿದ್ದರು. ಪರೀಕ್ಷೆ ಅಳೆಯಬೇಕಾದ ಶಕ್ತಿ ಅಲ್ಲಿ ಕೆಲಸ ಮಾಡಿತ್ತು. ಅಂಕ ಹೋದದ್ದು ಕಿವಿಯ ಬಾಬತ್ತಿನಲ್ಲಿ. ಕಾಗದದ ಮೇಲೆ ಮಾತ್ರ ಅದು ಮರೆವಿನ ಖಾತೆಗೆ ಜಮೆಯಾಯಿತು, ಒಂದು ಮಾತ್ರೆಯೂ ಬಂತು. ಮಾಸ್ಕು ಕೆಳಗಿಳಿಸಿ, ಫ್ಯಾನು ಆರಿಸಿ, ಪದಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದ್ದರೆ ಏನಾಗುತ್ತಿತ್ತೋ. ವಾರಪತ್ರಿಕೆಯ ಧಾರಾವಾಹಿಯನ್ನು ಒಂದು ಕಂತೂ ಬಿಡದೆ ಓದುವ ಹೆಂಗಸು ಅವರು. ಮಾಂಟ್ರಿಯಲ್ ಪರೀಕ್ಷೆ ಎಂದು ಹೆಸರಾದ ಬುದ್ಧಿಶಕ್ತಿಯ ಪರೀಕ್ಷೆಗೆ, ಕಿವಿ ಕೇಳದವರಿಗಾಗಿಯೇ ಪ್ರಶ್ನೆಗಳನ್ನು ಓದಿಸಿ ಕೇಳುವ ಆವೃತ್ತಿಯನ್ನು 2023ರಲ್ಲಿ ರೂಪಿಸಿದ್ದಾರೆ. ಅಷ್ಟೆಲ್ಲ ಬೇಡ, ಪರೀಕ್ಷೆಗೆ ಮೊದಲು ಟಾರ್ಚು ಹಾಕಿ ಕಿವಿಯೊಳಗೆ ಒಮ್ಮೆ ಇಣುಕಿದ್ದರೂ ಸಾಕಿತ್ತು. ಆಮೇಲೆ ಕಿವಿ ಮೂಗು ಗಂಟಲಿನ ವೈದ್ಯರು ನೋಡಿದಾಗ ಬಲಗಿವಿಯಲ್ಲಿ ಎಣ್ಣೆ ಬಿಟ್ಟು ಬಿಟ್ಟು ಕಲ್ಲಾದ ಗುಗ್ಗೆ ಇತ್ತು. ಅದನ್ನು ತೆಗೆದ ಮೇಲೆ ಮಾಡಿದ ಆಡಿಯೋಗ್ರಾಂನಲ್ಲಿ, ಅಂದರೆ ಯಾವ ಆವರ್ತನದ ಸದ್ದು ಎಷ್ಟು ಗಟ್ಟಿಯಾದರೆ ಕೇಳುತ್ತದೆ ಎಂದು ತೋರಿಸುವ ನಕ್ಷೆಯಲ್ಲಿ, ಗೆರೆ 500 ಹರ್ಟ್ಸ್‌ನಲ್ಲಿ 30 ಡೆಸಿಬಲ್‌ನಿಂದ ಹೊರಟು 4000 ಹರ್ಟ್ಸ್ ತಲುಪುವಾಗ 70ಕ್ಕೆ ಇಳಿದಿತ್ತು. ಕೀರಲು ಸದ್ದು ಬಹಳ ಗಟ್ಟಿಯಾಗಿದ್ದರೆ ಮಾತ್ರ ಅವರಿಗೆ ಕೇಳುತ್ತಿತ್ತು ಎಂದರ್ಥ.

ಐದು ಪಟ್ಟಿನ ಲೆಕ್ಕ

ಈಗ ಕರಪತ್ರದ ವಿಷಯ. ಐದು ಪಟ್ಟು ಎನ್ನುವುದು ಕಟ್ಟುಕಥೆಯಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಫ್ರಾಂಕ್ ಲಿನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದದ್ದು. ಬಾಲ್ಟಿಮೋರಿನ 639 ಜನರನ್ನು ಸುಮಾರು ಹನ್ನೆರಡು ವರ್ಷ ಹಿಂಬಾಲಿಸಿದಾಗ 58 ಜನರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬಂದಿತ್ತು. ಕಿವಿ ಸರಿಯಿದ್ದವರಿಗೆ ಹೋಲಿಸಿದರೆ ಅಲ್ಪ ಕಿವುಡಿದ್ದವರಿಗೆ ಅಪಾಯ ಹತ್ತಿರ ಹತ್ತಿರ ಎರಡು ಪಟ್ಟು, ಮಧ್ಯಮಕ್ಕೆ ಮೂರು ಪಟ್ಟು, ತೀವ್ರಕ್ಕೆ ಐದು ಪಟ್ಟು. ಸರಿ, ಆ 639ರಲ್ಲಿ ತೀವ್ರ ಕಿವುಡಿದ್ದವರು ಎಷ್ಟು ಜನ? ಆರು. ಜಗತ್ತಿನಾದ್ಯಂತ ಜಾಹೀರಾತುಗಳಲ್ಲಿ ಓಡಾಡುತ್ತಿರುವ ಸಂಖ್ಯೆ ಆರು ಜನರ ಮೇಲೆ ನಿಂತಿದೆ. ಸಂಶೋಧಕರು ಇದನ್ನು ಮುಚ್ಚಿಟ್ಟಿಲ್ಲ, ಮಾರುವವರು ಅಷ್ಟು ದೂರ ಓದುವುದಿಲ್ಲ, ಅಷ್ಟೇ. ಅಲ್ಪ ಮತ್ತು ಮಧ್ಯಮ ಕಿವುಡಿನ ಅಂಕಿಗಳು ಇದಕ್ಕಿಂತ ಗಟ್ಟಿ, ನಂತರದ ಎಷ್ಟೋ ಅಧ್ಯಯನಗಳಲ್ಲಿ ನಂಟು ಮತ್ತೆ ಕಂಡಿದೆ. ಆದರೆ ನಂಟು ಇರುವುದು ಬೇರೆ, ಯಂತ್ರ ಹಾಕಿದರೆ ಮರೆವು ತಪ್ಪುವುದು ಬೇರೆ.

ಈ ಎರಡನೆಯದನ್ನು ನೇರವಾಗಿ ಪರೀಕ್ಷಿಸಿದ್ದು ಅಚೀವ್ ಎಂಬ ಪ್ರಯೋಗ. ಫಲಿತಾಂಶ ಬಂದದ್ದು 2023ರಲ್ಲಿ. 70ರಿಂದ 84 ವರ್ಷದ 977 ಜನರಲ್ಲಿ ಅರ್ಧ ಜನಕ್ಕೆ ಶ್ರವಣ ಸಾಧನ ಕೊಟ್ಟು ಅದನ್ನು ಬಳಸುವ ಕ್ರಮ ಕಲಿಸಿದರು, ಉಳಿದರ್ಧಕ್ಕೆ ಆರೋಗ್ಯ ಶಿಕ್ಷಣದ ಪಾಠ. ಮೂರು ವರ್ಷದ ನಂತರ ಒಟ್ಟಾರೆ ನೋಡಿದರೆ ಎರಡು ಗುಂಪುಗಳ ಬುದ್ಧಿಶಕ್ತಿ ಇಳಿದ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ಅವರಲ್ಲಿ 238 ಜನ ಹೃದಯದ ಆರೋಗ್ಯದ ಹಳೆಯ ಅಧ್ಯಯನವೊಂದರಿಂದ ಬಂದವರು. ವಯಸ್ಸು ಹೆಚ್ಚು, ಮರೆವಿನ ಅಪಾಯವೂ ಹೆಚ್ಚು. ಅವರಲ್ಲಿ ಮಾತ್ರ ಸಾಧನ ಹಾಕಿದವರ ಇಳಿತ 48 ಶೇಕಡಾ ನಿಧಾನವಾಗಿತ್ತು. ಪ್ರಯೋಗವೊಂದರ ಒಳಗುಂಪಿನ ಫಲಿತಾಂಶವನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಬೇಕು. ಆರೋಗ್ಯವಂತರಲ್ಲಿ ಮೂರು ವರ್ಷಕ್ಕೆ ಬುದ್ಧಿ ಇಳಿಯುವುದೇ ಅಷ್ಟು ಕಡಿಮೆ, ಅದರಲ್ಲಿ ವ್ಯತ್ಯಾಸ ಹುಡುಕುವುದು ಕಷ್ಟ ಎಂಬ ಸಮಜಾಯಿಷಿಯೂ ನ್ಯಾಯವಾದದ್ದೇ. ಅದೇ ವರ್ಷ, ಬ್ರಿಟನ್ನಿನ ದೊಡ್ಡ ಮಾಹಿತಿ ಸಂಗ್ರಹವೊಂದನ್ನು ಆಧರಿಸಿ ಶ್ರವಣ ಸಾಧನದ ಪರವಾಗಿ ಬಂದಿದ್ದ ಒಂದು ಪ್ರಬಂಧವನ್ನು, ಸಾಧನ ಬಳಸುವವರು ಯಾರು, ಬಳಸದವರು ಯಾರು ಎಂಬ ಗುರುತೇ ಲೆಕ್ಕದಲ್ಲಿ ತಪ್ಪಿದ್ದು ಗೊತ್ತಾಗಿ ಹಿಂತೆಗೆದುಕೊಳ್ಳಬೇಕಾಯಿತು. ಅದರ ಸುದ್ದಿ ಓದಿದ್ದವರಲ್ಲಿ ಹಿಂತೆಗೆದ ಸುದ್ದಿಯನ್ನೂ ಓದಿದವರು ಎಷ್ಟೋ!

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಡಿಮೆನ್ಷಿಯಾ ತರುವ ಆದರೆ ಬದಲಾಯಿಸಲು ಸಾಧ್ಯವಿರುವ 14 ಅಪಾಯಗಳಲ್ಲಿ ಕಿವುಡಿನ ಪಾಲು 7 ಶೇಕಡಾ. ಅಂದರೆ ನಂಟು ನಿಜಕ್ಕೂ ಕಾರಣವೇ ಆಗಿದ್ದು, ಲೋಕದಲ್ಲಿ ಕಿವುಡೇ ಇಲ್ಲವೆಂದಾದರೆ ನೂರು ಡಿಮೆನ್ಷಿಯಾದಲ್ಲಿ ಏಳು ತಪ್ಪಬಹುದಿತ್ತು. ಭಾರತದಲ್ಲಿ 60 ದಾಟಿದವರಲ್ಲಿ 7.4 ಶೇಕಡಾ, ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆಯೆಂಬ ಅಂದಾಜಿನ ಪಕ್ಕದಲ್ಲಿ ಇಟ್ಟರೆ ಏಳು ಸಣ್ಣದಲ್ಲ. ಆದರೆ ಅದು ಜನಸಮೂಹದ ಲೆಕ್ಕ, ನಮ್ಮ ದೊಡ್ಡಮ್ಮನಿಗೆ ಕೊಟ್ಟ ಭರವಸೆಯಲ್ಲ. ಯಂತ್ರ ಹಾಕಿಸಲು ಮರೆವಿನ ಭಯವನ್ನು ತೋರಿಸಲೇಬೇಕೇ ಎನ್ನುವುದು ನನ್ನ ತಕರಾರು. ಎದುರಿಗಿದ್ದವರ ಮಾತು ಕೇಳಿಸುವುದು ಸಾಲದೇ?

ಕಿವಿ ಮಷೀನು

ಹಾಕಿಸಿದ್ದಾಯಿತು. ಮೊದಲ ವಾರ ದೊಡ್ಡಮ್ಮ ಅದನ್ನು ಬೈಯದ ದಿನವಿಲ್ಲ. ಪಾತ್ರೆ ತೊಳೆಯುವ ಸದ್ದು ತಲೆಗೆ ಹೊಡೆಯುತ್ತದೆ, ಸ್ವಂತ ಚಪ್ಪಲಿಯ ಸದ್ದು ಯಾರೋ ಹಿಂದೆ ಬಂದಂತೆ ಕೇಳುತ್ತದೆ, ಪತ್ರಿಕೆಯ ಹಾಳೆ ತಿರುವಿದರೆ ಸಿಡಿಲು. ವರ್ಷಗಟ್ಟಲೆ ಬಾರದಿದ್ದ ಸದ್ದುಗಳಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂದು ಮಿದುಳು ಮತ್ತೆ ಕಲಿಯಲು ವಾರಗಳು, ತಿಂಗಳುಗಳೇ ಬೇಕು. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಯಂತ್ರ ಗೋದ್ರೆಜ್ ಬೀರು ಸೇರುತ್ತದೆ. ನಮ್ಮ ನೆಂಟರಿಷ್ಟರಲ್ಲೇ ಅಂಥ ಬೀರುಗಳು ಹಲವು. ಅದಲ್ಲದೆ ಇಲ್ಲಿಯ ಥಂಡಿ. ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ಅಷ್ಟು ಸೂಕ್ಷ್ಮವಾದ ವಸ್ತು ಬಾಳಬೇಕಾದರೆ ರಾತ್ರಿ ತೇವ ಹೀರುವ ಹರಳಿನ ಡಬ್ಬಿಯಲ್ಲಿಡಬೇಕು. ಚಾರ್ಜ್ ಮಾಡುವ ಬಗೆಯದು ಬೇಡ, ಶೆಲ್ ಹಾಕುವುದನ್ನೇ ಕೊಡಿ ಎಂದು ಅತ್ತಿಗೆ ಹಟ ಹಿಡಿದದ್ದು ಜಾಣತನ. ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋದರೆ ಯಾರು ಗತಿ?

ಯಂತ್ರಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಬಹುಶಃ ಅತ್ತಿಗೆ. ಕಿವಿ ಪರೀಕ್ಷಿಸಿ ಯಂತ್ರ ಹೊಂದಿಸುವ ಆಡಿಯಾಲಜಿಸ್ಟ್ ಹೇಳಿದ್ದನ್ನು ಅವರು ಚಾಚೂ ತಪ್ಪದೆ ಹಿಡಿದರು. ಒಲೆಯ ಮುಂದಿನಿಂದ ಮಾತಾಡುವುದನ್ನು ನಿಲ್ಲಿಸಿ, ಎದುರಿಗೆ ಬಂದು, ಮೊದಲು "ಅತ್ತೆ" ಎಂದು ಕರೆದು, ಅವರು ಮುಖ ನೋಡಿದ ಮೇಲೆ ವಿಷಯ ಹೇಳುತ್ತಾರೆ. ಅರ್ಥವಾಗದಿದ್ದರೆ ಅದೇ ಮಾತನ್ನು ಗಟ್ಟಿಯಾಗಿ ಹೇಳದೆ ಬೇರೆ ಮಾತಿನಲ್ಲಿ ಹೇಳುತ್ತಾರೆ. "ಕೊಪ್ಪ" ಕೇಳದಿದ್ದರೆ "ಬಸ್ಸಿನಲ್ಲಿ ಹೋಗಿದ್ದಾರೆ" ಎಂದರಾಯಿತು.

ಆರು ತಿಂಗಳ ನಂತರ ಬೇರೊಬ್ಬ ವೈದ್ಯರು, ಯಂತ್ರ ಹಾಕಿಸಿಕೊಂಡೇ, ಎದುರು ಕುಳಿತು ಮತ್ತೆ ಪರೀಕ್ಷೆ ಮಾಡಿದರು. ಮೂರು ಪದಗಳೂ ಬಂದವು. ಆದರೆ ಗಡಿಯಾರದ ಚಿತ್ರ ಬರೆಯಿರಿ ಎಂದರೆ ಅಂಕಿಗಳೆಲ್ಲ ಒಂದೇ ಬದಿಗೆ ಗುಂಪಾದವು, ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮುಳ್ಳು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅದಕ್ಕೆ ಕಿವಿ ಕಾರಣವಲ್ಲ. ಸ್ವಲ್ಪ ಇಳಿತ ಇದೆ, ಮೊದಲು ಅಂದುಕೊಂಡಷ್ಟಿಲ್ಲ, ನೋಡುತ್ತಿರೋಣ ಎಂದರು ವೈದ್ಯರು. "ಹಾಗಾದರೆ ಅಷ್ಟು ದುಡ್ಡು ಹಾಕಿದ್ದು ಯಾತಕ್ಕೆ?" ಎಂದ ಅಣ್ಣ, ಕಾರಿನಲ್ಲಿ ವಾಪಸು ಬರುವಾಗ. ಹಿಂದಿನ ಸೀಟಿನಿಂದ ದೊಡ್ಡಮ್ಮ "ದುಡ್ಡು ನನ್ನ ಪಾಲಿನ ಅಡಿಕೆಯದ್ದು" ಎಂದರು.

ಮನೆಯಲ್ಲಿ ಟಿವಿಯ ವಾಲ್ಯೂಮು ಮಾತ್ರ ಮೊದಲಿನ ಹಾಗೇ ಇದೆ. ಅದು ದೊಡ್ಡಮ್ಮನಿಗಾಗಿ ಏರಿಸಿದ್ದು ಎಂದುಕೊಂಡಿದ್ದೆವು. ಏರಿಸುವವನು ಅಣ್ಣ. ಅವನಿಗೆ ಐವತ್ತನಾಲ್ಕು. ಕಳೆ ಹೊಡೆಯುವ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಪಂಪಿನ ಪಕ್ಕ ನಿಂತು, ಸುಲಿಯುವ ಯಂತ್ರಕ್ಕೆ ಗೊನೆ ಬಿಡಿಸಿ ಸುರಿದು ವರ್ಷಗಳಾಗಿವೆ, ಕಿವಿಗೆ ಒಂದು ಹತ್ತಿಯ ಉಂಡೆಯನ್ನೂ ಇಟ್ಟುಕೊಂಡವನಲ್ಲ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಯೇ ಮಿತಿ, ಅಲ್ಲಿಂದ ಮೂರು ಡೆಸಿಬಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ ಎಂದು ನಾನು ಓದಿ ಹೇಳಿದರೆ "ಆಂ?" ಎನ್ನುತ್ತಾನೆ. ಲ್ಯಾನ್ಸೆಟ್ ಆಯೋಗ ಕಿವುಡನ್ನು ಇಟ್ಟಿರುವುದು ನಡುವಯಸ್ಸಿನ ಅಪಾಯಗಳ ಸಾಲಿನಲ್ಲಿ. ತಡೆಯುವ ಮಾತು ಆಡುವುದಾದರೆ ಆ ವರದಿ ದೊಡ್ಡಮ್ಮನಿಗಿಂತ ಹೆಚ್ಚಾಗಿ ಇವನ ಬಗ್ಗೆ. ಮುಂದಿನ ಸಲ ದೊಡ್ಡಮ್ಮನ ಯಂತ್ರ ತೋರಿಸಲು ಹೋಗುವಾಗ ನೀನೂ ಒಂದು ಆಡಿಯೋಗ್ರಾಂ ಮಾಡಿಸಿಕೊಂಡು ಬಾ ಎಂದು ಅತ್ತಿಗೆ ಮತ್ತು ನಾನು ಇಬ್ಬರೂ ಹೇಳಿದ್ದೇವೆ. ಕೊಯ್ಲು ಮುಗಿಯಲಿ ನೋಡೋಣ ಎಂದಿದ್ದಾನೆ.